ಲಕ್ಷ್ಮಮ್ಮ ಅನ್ನೋ ಹೆಸರಲ್ಲಿ ಎಷ್ಟು ಅಕ್ಷರ?

ಎಲ್ರಿಗೂ ನಮಸ್ಕಾರ. ವೆಬ್‌ಸೈಟ್ ಮಾಡೋ ಕೆಲಸದಲ್ಲಿರೋರಿಗೆ, ಈಗ ಕಲೀತಿರೋ ಹುಡುಗ್ರು ಹುಡುಗೀರಿಗೆ ಅಂತ ಇವತ್ತು ಸ್ವಲ್ಪ ಕೋಡ್ ವಿಷಯ ತಂದಿದೀನಿ. ರೇಡಿಯೋದಲ್ಲಿ ಕೋಡ್ ತೋರ್ಸಕ್ಕಾಗಲ್ಲ, ಬಾಯಲ್ಲೇ ಹೇಳ್ತೀನಿ, ಹತ್ರ ಪೆನ್ನಿದ್ರೆ ತಗೊಳ್ಳಿ.

ಹಿಂದೆ ಒಂದ್ಸಲ ಒಂದು ಹಾಲಿನ ಸೊಸೈಟಿಗೆ ಸದಸ್ಯರ ಪಟ್ಟಿ ಮೊಬೈಲಲ್ಲಿ ಕಾಣೋ ಹಾಗೆ ಪೇಜ್ ಮಾಡ್ಕೊಟ್ಟಿದ್ದೆ. ಸ್ಕ್ರೀನ್ ಚಿಕ್ಕದು, ಉದ್ದ ಹೆಸರು ಬಂದ್ರೆ ಎಂಟು ಅಕ್ಷರಕ್ಕೆ ಕತ್ತರಿಸಿ ಮೂರು ಚುಕ್ಕಿ ಹಾಕ್ಲಿ ಅಂತ ಜಾವಾಸ್ಕ್ರಿಪ್ಟಲ್ಲಿ ಕತ್ತರಿಸೋ ಆದೇಶ ಸ್ಲೈಸ್, ಬ್ರಾಕೆಟ್ ಒಳಗೆ ಸೊನ್ನೆ ಕಾಮಾ ಎಂಟು ಅಂತ ಬರ್ದೆ. ಪಟ್ಟಿ ತೆಗೆದು ನೋಡಿದ್ರೆ ಲಕ್ಷ್ಮಮ್ಮ ಅಂತ ಇದ್ದ ಕಡೆಯೆಲ್ಲ ಲಕ್ಷ್ಮಮ್ ಅಂತ ಬಂದು ಮುಂದೆ ಮೂರು ಚುಕ್ಕಿ. ದಿನಾ ಬೆಳಿಗ್ಗೆ ಹಾಲು ಹಾಕಕ್ಕೆ ಬರೋ ಹೆಂಗಸರು, ಅವರ ಹೆಸರನ್ನ ಅರ್ಧಕ್ಕೆ ನಿಲ್ಲಿಸಿದ್ದೆ ನಾನು, ಅದು ಇವತ್ತಿಗೂ ಬೇಜಾರಿದೆ.

ಯಾಕೆ ಹೀಗಾಯ್ತು ನೋಡಿ. ನಾವು ಓದೋವಾಗ ಲ, ಕ್ಷ್ಮ, ಮ್ಮ, ಮೂರೇ ಅಕ್ಷರ. ಆದ್ರೆ ಯೂನಿಕೋಡಲ್ಲಿ, ಅಂದ್ರೆ ಪ್ರತಿ ಲಿಪಿಯ ಗುರುತಿಗೂ ಕಂಪ್ಯೂಟರಿಗೆ ಒಂದು ಸಂಖ್ಯೆ ಕೊಟ್ಟಿರೋ ಪಟ್ಟಿಯಲ್ಲಿ, ಒತ್ತಿಗೆ ಅಂತ ಬೇರೆ ಸಂಕೇತ ಇಲ್ಲ, ಎರಡು ವ್ಯಂಜನದ ಮಧ್ಯ ಹಲಂತ, ಅಂದ್ರೆ ಕ ಅನ್ನೋದನ್ನ ಕ್ ಮಾಡೋ ಗುರುತು, ಬಂದ್ರೆ ಫಾಂಟು ಎರಡನೇದನ್ನ ಕೆಳಗೆ ಒತ್ತಾಗಿ ಬರೆಯತ್ತೆ. ಹಾಗಾಗಿ ಒಳಗೆ ಇರೋದು ಲ, ಕ, ಹಲಂತ, ಷ, ಹಲಂತ, ಮ, ಮ, ಹಲಂತ, ಮ. ಎಣಿಸಿ, 9. ಡಾಟ್ ಲೆಂತ್ ಅಂತ ಕೇಳಿದ್ರೆ ಜಾವಾಸ್ಕ್ರಿಪ್ಟ್ ಕೊಡೋದು ಈ 9, ಎಂಟಕ್ಕೆ ಕತ್ತರಿಸಿದ್ರೆ ಕೊನೇ ಮ ಹೋಗಿ ಹಲಂತ ಒಂದೇ ನೇತಾಡ್ತಿರತ್ತೆ. ಯುಟಿಎಫ್ 8ರಲ್ಲಿ, ಅಂದ್ರೆ ಈ ಸಂಕೇತಗಳನ್ನ ಬೈಟಾಗಿ ಉಳಿಸೋ ಪದ್ಧತಿಯಲ್ಲಿ, ಒಂದೊಂದು ಕನ್ನಡ ಸಂಕೇತಕ್ಕೂ 3 ಬೈಟ್, ಅಂದ್ರೆ ಈ ಮೂರಕ್ಷರದ ಹೆಸರಿಗೆ 27 ಬೈಟ್, ಬೈಟ್ ಲೆಕ್ಕದಲ್ಲಿ ಮಿತಿ ಇಟ್ಟಿರೋರು ಇದನ್ನೂ ನೆನಪಿಟ್ಕೊಳ್ಳಿ.

ಪಟ್ಟಿಯಲ್ಲಿ ಹೆಸರು ಚಿಕ್ಕದು ಮಾಡಕ್ಕೆ ಜಾವಾಸ್ಕ್ರಿಪ್ಟ್ ಬೇಕೇ ಇಲ್ಲ. ಪೇಜ್ ಹೇಗೆ ಕಾಣ್ಬೇಕು ಅಂತ ಹೇಳೋ ಸಿಎಸ್ಎಸ್ಸಲ್ಲಿ ಮೂರು ಸಾಲು ಸಾಕು: ಓವರ್‌ಫ್ಲೋ ಹಿಡನ್, ವೈಟ್ ಸ್ಪೇಸ್ ನೋ ರ‍್ಯಾಪ್, ಟೆಕ್ಸ್ಟ್ ಓವರ್‌ಫ್ಲೋ ಎಲಿಪ್ಸಿಸ್. ಜಾಗ ಇದ್ರೆ ಪೂರ್ತಿ ಹೆಸರು ಕಾಣತ್ತೆ, ಇಲ್ದಿದ್ರೆ ಮಾತ್ರ ಬ್ರೌಸರೇ ಚುಕ್ಕಿ ಹಾಕತ್ತೆ. ಜೊತೆಗೆ ಲೈನ್ ಹೈಟ್ 1.6 ಕೊಡಿ, ಇಂಗ್ಲಿಷಿಗೆ ಸಾಕಾಗೋ 1.2 ಕೊಟ್ರೆ ಈ ಹಿಡನ್ ಇರೋದ್ರಿಂದ ಕ್ಷ್ಮ ಕೆಳಗಿನ ಮ ಒತ್ತು ಅರ್ಧ ಮುಚ್ಚಿಹೋಗಬಹುದು.

ಆದ್ರೆ ಕೆಲವು ಕಡೆ ಮೊದಲನೇ ಅಕ್ಷರ ಎತ್ತಲೇಬೇಕಾಗತ್ತೆ, ಫೋಟೋ ಇಲ್ದಿರೋರಿಗೆ ದುಂಡಗಿನ ಬಣ್ಣದೊಳಗೆ ಒಂದಕ್ಷರ ಹಾಕ್ತೀವಲ್ಲ ಅಲ್ಲಿ. ಶ್ರೀನಿವಾಸ ಅನ್ನೋ ಹೆಸರಿಗೆ ಶ್ರೀ ಬರ್ಬೇಕು, ಸೊನ್ನೆಯ ಜಾಗದ್ದು, ಅಂದ್ರೆ ಮೊದಲನೇ ಸಂಕೇತ, ತಗೊಂಡ್ರೆ ಬರೀ ಶ ಬರತ್ತೆ. ಇದಕ್ಕೆ ಜಾವಾಸ್ಕ್ರಿಪ್ಟಲ್ಲೇ ಬರಹನ ತುಂಡು ಮಾಡೋ ಇಂಟ್ಲ್ ಡಾಟ್ ಸೆಗ್ಮೆಂಟರ್ ಅಂತಿದೆ, 2024ರಿಂದ ಫೈರ್‌ಫಾಕ್ಸಲ್ಲೂ ಬಂದಿದೆ, ಕ್ರೋಮ್ ಸಫಾರಿಯಲ್ಲಿ ಅದಕ್ಕೂ ಮುಂಚೆಯಿಂದ ಇದೆ. ಭಾಷೆ ಕೆಎನ್ ಅಂತ ಕೊಟ್ಟು ಗ್ರಾನ್ಯುಲಾರಿಟಿ ಗ್ರ್ಯಾಫೀಮ್ ಅಂತ ಕೊಡಿ, ಅಂದ್ರೆ ಕಣ್ಣಿಗೆ ಕಾಣೋ ಒಂದೊಂದು ಅಕ್ಷರವಾಗಿ ತುಂಡು ಮಾಡು ಅಂತ. ಗುಣಿತಾಕ್ಷರನೆಲ್ಲ ಅದು ಸರಿಯಾಗಿ ಹಿಡಿಯತ್ತೆ, ಆದ್ರೆ ನಾನು ನೋಡಿದ ಬ್ರೌಸರುಗಳಲ್ಲಿ ಕನ್ನಡದ ಒತ್ತಕ್ಷರನ ಹಲಂತದ ಹತ್ರ ಒಡೆಯತ್ತೆ, ಶ್ ಬೇರೆ ರೀ ಬೇರೆ. ಅದಕ್ಕೆ ಬಂದ ತುಂಡುಗಳ ಮೇಲೆ ಒಂದು ಲೂಪ್ ಓಡಿಸಿ, ಹಿಂದಿನ ತುಂಡು ಹಲಂತದಲ್ಲಿ ಮುಗಿದು ಮುಂದಿನದು ವ್ಯಂಜನದಿಂದ ಶುರುವಾಗಿದ್ರೆ ಎರಡನ್ನೂ ಅಂಟಿಸಿ ಅಷ್ಟೇ. ಹಲಂತದ ಸಂಖ್ಯೆ 0ಸಿಸಿಡಿ, ಬರ್ಕೊಳ್ಳಿ.

ಇನ್ನು ಫಾರಂ. ಹೆಸರಿನ ಜಾಗದಲ್ಲಿ ಕನ್ನಡ ಟೈಪ್ ಮಾಡಿದ್ರೆ ತಪ್ಪು ಹೆಸರು ಅಂತ ಕೆಂಪಕ್ಷರದಲ್ಲಿ ಬರೋದನ್ನ ನೀವೂ ನೋಡಿರ್ತೀರ, ಯಾರ ಹೆಸರೂ ತಪ್ಪಲ್ಲ ರೀ, ಟೈಪ್ ಮಾಡಿದ್ದನ್ನ ಪರೀಕ್ಷಿಸೋ ನಮೂನೆ, ಅಂದ್ರೆ ರೆಜೆಕ್ಸಲ್ಲಿ ಎ ಇಂದ ಝಡ್ ಅಂತ ಬರ್ದಿರೋದು ತಪ್ಪು. ಅದರ ಬದ್ಲು ಬ್ಯಾಕ್‌ಸ್ಲ್ಯಾಶ್ ಪಿ, ಫ್ಲವರ್ ಬ್ರಾಕೆಟ್ ಒಳಗೆ ಕ್ಯಾಪಿಟಲ್ ಎಲ್, ಅಂದ್ರೆ ಯಾವ ಭಾಷೆಯ ಅಕ್ಷರವಾದ್ರೂ, ಹಾಗೇ ಇನ್ನೊಂದು ಕ್ಯಾಪಿಟಲ್ ಎಂ, ಅಂದ್ರೆ ಅಕ್ಷರಕ್ಕೆ ಅಂಟೋ ಗುರುತು, ಕೊನೇಲಿ ಯು ಫ್ಲ್ಯಾಗ್. ಎಲ್ ಒಂದೇ ಹಾಕಿ ಬಿಟ್ರೆ ಕಮಲ ಪಾಸಾಗತ್ತೆ ವಿಮಲ ಆಗಲ್ಲ, ಯಾಕಂದ್ರೆ ಗುಡಿಸು, ಕೊಂಬು, ಹಲಂತ ಎಲ್ಲ ಎಂ ಗುಂಪಿಗೆ ಸೇರತ್ತೆ. ಪಿನ್‌ಕೋಡನ್ನ ಯಾರಾದ್ರೂ ೫೭೦೦೦೧ ಅಂತ ಕನ್ನಡ ಅಂಕಿಯಲ್ಲಿ ಕೊಟ್ರೆ ಬ್ಯಾಕ್‌ಸ್ಲ್ಯಾಶ್ ಡಿ ಅದನ್ನ ಅಂಕಿ ಅಂತಾನೇ ಒಪ್ಪಲ್ಲ. ರಿಪ್ಲೇಸ್ ಬರ್ದು ಪ್ರತಿ ಕನ್ನಡ ಅಂಕಿಯ ಚಾರ್ ಕೋಡಿಂದ, ಅಂದ್ರೆ ಅದರ ಯೂನಿಕೋಡ್ ಸಂಖ್ಯೆಯಿಂದ, 3302 ಕಳೀರಿ, ಮಾಮೂಲಿ ಅಂಕಿ ಸಿಗತ್ತೆ.

ಕೊನೇದು, ಇದು ಬಹಳ ಜನಕ್ಕೆ ಗೊತ್ತಿಲ್ಲ. ರಾಜ್‌ಕುಮಾರ್ ಅಂತ ಬರೀವಾಗ ಜ ಮತ್ತು ಕು ಮಧ್ಯ ಕಣ್ಣಿಗೆ ಕಾಣದ ಒಂದು ಸಂಕೇತ ಇರತ್ತೆ, 200ಸಿ, ಝೀರೋ ವಿಡ್ತ್ ನಾನ್ ಜಾಯಿನರ್ ಅಂತ ಹೆಸರು. ಡೇಟಾ ಕ್ಲೀನ್ ಮಾಡ್ತೀವಿ ಅಂತ ಕಾಣದ ಸಂಕೇತನೆಲ್ಲ ತೆಗೆದುಹಾಕೋ ಕೋಡ್ ಬರ್ದಿರ್ತಾರೆ, ಆಗ ಕ ಹೋಗಿ ಜ ಕೆಳಗೆ ಒತ್ತಾಗಿ ಕೂತು ಹೆಸರು ರಾಜ್ಕುಮಾರ್ ಅಂತಾಗತ್ತೆ. ರ‍್ಯಾಂಕ್ ಅಂತ ರ ಮೇಲಿಟ್ಟು ಬರೆಯಕ್ಕೆ 200ಡಿ ಬೇಕು, ಅದಕ್ಕೂ ಇದೇ ಗತಿ. ಹಾಗಾಗಿ ತೋರ್ಸೋ ಹೆಸರಲ್ಲಿ ಇವೆರಡನ್ನ ಮುಟ್ಟಬೇಡಿ. ಆದ್ರೆ ಹುಡುಕಾಟಕ್ಕೆ ಬೇರೆ ಒಂದು ಕಾಲಂ ಇಡಿ, ಅಲ್ಲಿ ಮೊದಲು ನಾರ್ಮಲೈಸ್ ಎನ್ಎಫ್‌ಸಿ ಕರೀರಿ, ಬೇರೆ ಬೇರೆ ಥರ ಬರ್ದಿದ್ದನ್ನ ಅದು ಒಂದೇ ರೂಪಕ್ಕೆ ತರತ್ತೆ, ಯಾಕಂದ್ರೆ ಒಂದೇ ಥರ ಕಾಣೋ ಕೋ ಒಳಗೆ ಎರಡು ಸಂಕೇತನೂ ಇರಬಹುದು ನಾಲ್ಕೂ ಇರಬಹುದು, ಆಮೇಲೆ ಈ ಎರಡು ಕಾಣದವನ್ನ ತೆಗೀರಿ, ಹುಡುಕೋರು ಟೈಪ್ ಮಾಡಿದ್ದಕ್ಕೂ ಅದನ್ನೇ ಮಾಡಿ. ಸೊಸೈಟಿ ಪಟ್ಟಿಗೆ ಹೀಗೆ ಮಾಡಿದ್ಮೇಲೆ ಯಾವ ಕೀಬೋರ್ಡಲ್ಲಿ ಹೇಗೆ ಟೈಪ್ ಮಾಡಿದ್ರೂ ರಾಜ್‌ಕುಮಾರ್ ಸಿಗ್ತಾರೆ, ಲಕ್ಷ್ಮಮ್ಮನೂ ಪೂರ್ತಿ ಕಾಣ್ತಾರೆ. ನಮಸ್ಕಾರ.