ಕ್ಲಬ್ ಎಕ್ಸ್‌ಪೋ ದಿನ ಜೂನಿಯರ್ ಜೊತೆ ಒಂದ್ ರೌಂಡು, ಹುಡಿ ಸ್ವೆಟ್‌ಶರ್ಟ್ ರೇಟ್ ಕೇಳಿ ತಲೆ ಬಿಸಿ

ಹಾಯ್ ಎಲ್ರಿಗೂ, ನಮಸ್ಕಾರ. ಈ ವ್ಲಾಗ್‌ಗೆ ಪೂರ್ತಿ ವಾಯ್ಸ್ ಓವರ್ ಕೊಡ್ತಿದೀನಿ, ಯಾಕಂದ್ರೆ ಆವತ್ತು ಡ್ಯಾನ್ಸ್ ಕ್ಲಬ್ಬವ್ರು ಇಷ್ಟೆತ್ತರದ ಸ್ಪೀಕರ್ ತಂದು ಗೇಟ್ ಹತ್ರಾನೇ ಇಟ್ಟಿದ್ರು, ನಾನು ಮಾತಾಡಿದ್ದು ಒಂದಕ್ಷರಾನೂ ಕೇಳ್ಸಲ್ಲ. ಹಾಗಾಗಿ ಈಗ ಹಾಸ್ಟೆಲ್ ರೂಮಲ್ಲಿ ಕೂತು ಹೇಳ್ತಿದೀನಿ, ರೂಮ್‌ಮೇಟ್ ಮಲಗಿದಾಳೆ, ಸ್ವಲ್ಪ ಮೆಲ್ಲಗೆ ಮಾತಾಡ್ತೀನಿ, ವಾಲ್ಯೂಮ್ ಜಾಸ್ತಿ ಮಾಡ್ಕೊಳ್ಳಿ.

ಇದು ನಮ್ಮ ಕಾಲೇಜು, ಬೆಂಗಳೂರು, ವಿಟಿಯು, ಅಂದ್ರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೆಳಗೆ ಬರೋ ಇಂಜಿನಿಯರಿಂಗ್ ಕಾಲೇಜು. ಫಸ್ಟ್ ಇಯರ್ ಹುಡುಗ್ರು ಬಂದು ಸ್ವಲ್ಪ ದಿನ ಆದ್ಮೇಲೆ ಎಲ್ಲಾ ಕ್ಲಬ್ಬವ್ರೂ ಕ್ವಾಡ್ರ್ಯಾಂಗಲ್‌ನಲ್ಲಿ ಟೇಬಲ್ ಹಾಕ್ಕೊಂಡು ನಿಂತ್ಕೊಳ್ತಾರೆ. ಪಕ್ಕದಲ್ಲಿ ನೀಲಿ ಕುರ್ತಾ ಹಾಕಿರೋಳು ನಮ್ಮ ಜೂನಿಯರ್, ಹಿರಿಯೂರು ಕಡೆ ಹುಡುಗಿ, ಮುಖ ತೋರಿಸ್ಬೇಡಿ ಅಕ್ಕ ಅಂದ್ಲು, ಅದಕ್ಕೇ ಬರೀ ಕೈ, ಬ್ಯಾಗು, ಚಪ್ಪಲಿ ಕಾಣ್ಸುತ್ತೆ. ಅವ್ಳಿಗೆ ಯಾವ ಕ್ಲಬ್ ಸೇರ್ಬೇಕು ಅಂತ ಗೊತ್ತಾಗ್ತಿರ್ಲಿಲ್ಲ, ಬಾ ನಾನೇ ಸುತ್ತಾಡಿಸ್ತೀನಿ ಅಂದೆ.

ಮೊದಲ್ನೇ ಟೇಬಲ್ಲು ಕೋಡಿಂಗ್ ಕ್ಲಬ್. ಕ್ಯೂಆರ್ ಸ್ಕ್ಯಾನ್ ಮಾಡು, ಗೂಗಲ್ ಫಾರ್ಮ್ ತುಂಬು, ವಾಟ್ಸಾಪ್ ಗ್ರೂಪ್‌ಗೆ ಸೇರು, ಆಯ್ತು. ಅದ್ರ ಪಕ್ಕದ್ದೂ ಅದೇ, ಅದ್ರ ಪಕ್ಕದ್ದೂ ಅದೇ. ಸಂಜೆ ಹೊತ್ತಿಗೆ ಅವಳ ಫೋನಲ್ಲಿ ಗ್ರೂಪುಗಳೇ ಗ್ರೂಪುಗಳು, ಒಂದ್ರಲ್ಲೂ ಮೆಂಬರ್ ಮೆಸೇಜ್ ಹಾಕಂಗಿಲ್ಲ, ಅಡ್ಮಿನ್ ಮಾತ್ರ. ಮಾತಾಡೋಕೇ ಬಿಡ್ದೇ ಇರೋದನ್ನ ಕ್ಲಬ್ಬು ಅಂತ ಹೆಂಗೆ ಕರೀತಾರೋ ನಂಗೆ ಅರ್ಥ ಆಗಲ್ಲ.

ಈಗ ಈ ಕಪ್ಪು ಬ್ಯಾನರ್ ಇರೋ ಟೇಬಲ್ ನೋಡಿ. ಹೆಸರು ಬ್ಲರ್ ಮಾಡಿದೀನಿ, ಕಾಮೆಂಟಲ್ಲಿ ಕೇಳ್ಬೇಡಿ, ಹೇಳಲ್ಲ. ಇವ್ರದ್ದು ರಿಜಿಸ್ಟ್ರೇಶನ್ ಫೀ 150 ರೂಪಾಯಿ, ಸೆಲೆಕ್ಟ್ ಆಗ್ದೇ ಇದ್ರೂ ವಾಪಸ್ ಕೊಡಲ್ಲ. ಸರಿ ಅಂತ ಅಂದ್ಕೊಳ್ಳೋಣ. ಸೆಲೆಕ್ಟ್ ಆದ್ರೆ ಹುಡಿ, ಅದೇ ಟೊಪ್ಪಿ ಇರೋ ಸ್ವೆಟ್‌ಶರ್ಟು, ಕಂಪಲ್ಸರಿ, 899 ರೂಪಾಯಿ. ಕಂಪಲ್ಸರಿ! ಹುಡಿ ತಗೊಳ್ದೇ ಇದ್ರೆ ಅಂತ ಕೇಳಿದ್ಕೆ ಆ ಅಣ್ಣ "ಟೀಮ್ ಸ್ಪಿರಿಟ್ ಬೇಕಲ್ವಾ" ಅಂದ. ನನ್ನ ಕಸಿನ್ ಒಬ್ಬ ಪ್ರಿಂಟಿಂಗ್ ಅಂಗಡೀಲಿ ಕೆಲಸ ಮಾಡ್ತಾನೆ, ಅಲ್ಲೇ ನಿಂತು ಫೋನ್ ಹಾಕ್ದೆ, 50 ಪೀಸ್ ಮೇಲೆ ಕೊಟ್ರೆ ಹಿಂದೆ ಮುಂದೆ ಪ್ರಿಂಟ್ ಸೇರಿ 420ಕ್ಕೆ ಮಾಡ್ಕೊಡ್ತೀವಿ ಕಣೇ ಅಂದ, ಬಟ್ಟೆ ಚೆನ್ನಾಗಿರೋದೇ ಹಾಕಿ. ಮತ್ತೆ ಉಳಿದಿದ್ದು ಎಲ್ಲಿಗೆ ಹೋಗುತ್ತೆ? ಕೇಳಿದ್ರೆ ಈವೆಂಟ್ ಫಂಡ್ ಅಂತಾರೆ. ಈವೆಂಟ್ ಫಂಡ್ ಬೇಕಾದ್ರೆ ಈವೆಂಟ್ ಫಂಡ್ ಅಂತಾನೇ ಕೇಳಿ, ಬರ್ದು ಲೆಕ್ಕ ಕೊಡಿ, ಇಷ್ಟ ಇರೋರು ಕೊಡ್ತಾರೆ. ಬಟ್ಟೆ ಒಳಗೆ ಸೇರಿಸಿ ತಗೋಬೇಡಿ.

ಈ ಹುಡುಗಿ ಅಪ್ಪ ಈರುಳ್ಳಿ ಬೆಳೀತಾರೆ. ರೇಟ್ ಬಿದ್ದ ವರ್ಷ 50 ಕೆಜಿ ಮೂಟೆಗೆ 899 ರೂಪಾಯಿ ಸಿಗಲ್ಲ, ಅದ್ರಲ್ಲೂ ಚೀಲದ ದುಡ್ಡು, ಲಾರಿ ಬಾಡಿಗೆ, ಹಮಾಲಿ ಎಲ್ಲಾ ಕಳೀಬೇಕು. ಇವಳು ಊರಿಗೆ ಹೋಗೋದೂ ಶಕ್ತಿ ಸ್ಕೀಮ್ ಬಸ್ಸಲ್ಲೇ, ಅದು 2023ರ ಜೂನ್‌ನಲ್ಲಿ ಬಂದ್ಮೇಲೆ ನಮ್ಮ ಹಾಸ್ಟೆಲ್‌ನ ಎಷ್ಟೋ ಹುಡುಗೀರು ಆಧಾರ್ ತೋರ್ಸಿ ಕೆಂಪು ಬಸ್ ಹತ್ತಿ ಮನೆಗೆ ಹೋಗಿ ಬರ್ತಾರೆ, ಮುಂಚೆ ಹಬ್ಬಕ್ಕೆ ಮಾತ್ರ ಹೋಗ್ತಿದ್ರಂತೆ. ನಮ್ಮ ಕಾಲೇಜ್ ಹಿಂದಿನ ಮೆಸ್ಸಲ್ಲಿ ಊಟ 60 ರೂಪಾಯಿ, ಒಂದು ಹುಡಿ ಅಂದ್ರೆ ಹತ್ರಹತ್ರ ಹದಿನೈದು ಊಟ. ಆ ಟೇಬಲ್ ಮುಂದೆ ಅವ್ಳು ಹುಡಿ ಮುಟ್ಟಿ ನೋಡಿದ್ಲು, ತೋಳಿನ ಹತ್ರ ಹೊಲಿಗೆ ಆಗ್ಲೇ ಒಂದ್ಕಡೆ ಬಿಟ್ಟಿತ್ತು, ದಾರ ನೇತಾಡ್ತಿತ್ತು, ನೋಡಿ ಝೂಮ್ ಮಾಡಿದೀನಿ. ಡಿಸ್ಪ್ಲೇಗೆ ಇಟ್ಟಿರೋ ಪೀಸೇ ಹಂಗಿತ್ತು. ಸುಮ್ನೆ ಮಡಚಿ ವಾಪಸ್ ಇಟ್ಟು "ಬರ್ತೀನಿ ಅಣ್ಣ" ಅಂದ್ಲು. ನನಗೆ ಆಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಕೆಲವು ಮೆಂಬರ್‌ಶಿಪ್‌ಗೆ ದುಡ್ಡು ಕೊಡೋದ್ರಲ್ಲಿ ಅರ್ಥ ಇದೆ, ಅದನ್ನೂ ಹೇಳ್ಬೇಕು. ಐಟ್ರಿಪಲ್‌ಇ ಅಂಥದ್ದು ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಇಂಜಿನಿಯರ್‌ಗಳ ಇಂಟರ್‌ನ್ಯಾಷನಲ್ ಸಂಸ್ಥೆ, 1963ರಿಂದ ಇದೆ, ಅಲ್ಲಿ ಮೆಂಬರ್ ನಂಬರ್ ಸಿಗುತ್ತೆ, ಮ್ಯಾಗಜೀನ್ ಸಿಗುತ್ತೆ, ಕಾನ್ಫರೆನ್ಸ್‌ಗೆ ಸ್ಟೂಡೆಂಟ್ ರೇಟ್ ಸಿಗುತ್ತೆ. ಆದ್ರೆ ಫಸ್ಟ್ ಇಯರ್‌ನಲ್ಲೇ ಬೇಡ. ರಿಸರ್ಚ್ ಪೇಪರ್ ಬರೆಯೋ ಯೋಚನೆ ಬಂದಾಗ ತಗೊಳ್ಳಿ ಸಾಕು.

ಅಯ್ಯೋ ಈ ಶಾಟ್ ಮುಗೀತಾ ಬಂತು, ಮುಂದೆ ಹೋಗೋಣ.

ಇದು ಡಿಬೇಟ್ ಕ್ಲಬ್ ಇಂಟರ್‌ವ್ಯೂ ನಡೀತಿದ್ದ ಕ್ಲಾಸ್‌ರೂಮಿನ ಹೊರಗಡೆ. ಒಳಗೆ ಕ್ಯಾಮೆರಾ ಬಿಡ್ಲಿಲ್ಲ. ಇವಳಿಗೆ ಮಾತು ಅಂದ್ರೆ ಪ್ರಾಣ, ಸ್ಕೂಲಲ್ಲಿದ್ದಾಗ ಪ್ರತಿಭಾ ಕಾರಂಜಿ ಆಶುಭಾಷಣದಲ್ಲಿ ಜಿಲ್ಲಾ ಮಟ್ಟಕ್ಕೆ ಹೋಗಿದ್ಲು, ಚೀಟಿ ಎತ್ತಿ ಒಂದ್ನಿಮಿಷದಲ್ಲಿ ಯಾವ ವಿಷಯ ಬಂದ್ರೂ ಮಾತಾಡ್ತಾಳೆ. ಒಳಗೆ ಹೋಗಿ ಐದು ನಿಮಿಷಕ್ಕೆ ಆಚೆ ಬಂದ್ಲು. ಏನಾಯ್ತೇ ಅಂದ್ರೆ, "ಇಂಗ್ಲಿಷಲ್ಲೇ ಹೇಳು ಅಂದ್ರು ಅಕ್ಕ, ಪಾಯಿಂಟ್ಸ್ ಇತ್ತು, ಸ್ಪೀಡ್ ಬರ್ಲಿಲ್ಲ" ಅಂದ್ಲು. ಡಿಬೇಟ್ ಅಂದ್ರೆ ಎದುರಿಗಿರೋರು ಏನ್ ಹೇಳಿದ್ರು ಅಂತ ಕೇಳಿಸ್ಕೊಂಡು ಅದ್ರಲ್ಲಿರೋ ತೂತು ಹುಡುಕೋದು. ಅದನ್ನ ಕನ್ನಡ ಮೀಡಿಯಂನಿಂದ ಬಂದಿರೋ ಹುಡುಗಿ ಕನ್ನಡದಲ್ಲಿ ಮಾಡ್ತಾಳೆ, ಆರು ತಿಂಗಳು ಪಕ್ಕದಲ್ಲಿ ಕೂರಿಸ್ಕೊಂಡ್ರೆ ಇಂಗ್ಲಿಷಲ್ಲೂ ಮಾಡ್ತಾಳೆ. ಕಲಿಸೋಕೆ ಅಂತಾನೇ ಅಲ್ವಾ ಕ್ಲಬ್ ಇರೋದು? ಮೊದಲೇ ಬರೋರನ್ನ ಮಾತ್ರ ಆರಿಸ್ಕೊಂಡ್ರೆ ಕ್ಲಬ್ಬವ್ರು ಮಾಡಿದ ಕೆಲಸ ಏನು? ಇಂಗ್ಲಿಷ್ ಡಿಬೇಟ್ ಬೇಡ ಅಂತಿಲ್ಲ ನಾನು, ಇರ್ಲಿ, ಬೇಕು. ಜೊತೆಗೆ ಕನ್ನಡದ ಒಂದು ಟೀಮೂ ಇರ್ಲಿ, ಬೆಂಗಳೂರಲ್ಲಿ ಕೂತು ಇಷ್ಟೂ ಕೇಳಬಾರದಾ.

ಸ್ವಲ್ಪ ಹೊತ್ತು ಕ್ಯಾಂಟೀನ್. ಮಸಾಲೆ ಪುರಿ. ಖಾರ ಚೆನ್ನಾಗಿತ್ತು.

ಎನ್‌ಎಸ್‌ಎಸ್, ಅಂದ್ರೆ ರಾಷ್ಟ್ರೀಯ ಸೇವಾ ಯೋಜನೆ ಟೇಬಲ್‌ಗೆ ಬರೋಣ. ಇಲ್ಲಿ ಜನ ಇರೋದು ಪಾಯಿಂಟ್ಸ್‌ಗೆ, ಅದನ್ನ ಮುಚ್ಚಿಡೋದ್ ಬೇಡ. ವಿಟಿಯುನಲ್ಲಿ ಡಿಗ್ರಿ ಮುಗಿಯೋದ್ರೊಳಗೆ ಕ್ಲಾಸ್ ಆಚೆ ಮಾಡೋ ಸಮಾಜದ ಕೆಲಸಕ್ಕೆ ಸಿಗೋ ಆಕ್ಟಿವಿಟಿ ಪಾಯಿಂಟ್ಸ್ 100 ಆಗ್ಬೇಕು, ಡಿಪ್ಲೊಮಾ ಮಾಡಿ ಸೆಕೆಂಡ್ ಇಯರ್‌ಗೆ ಸೇರಿದೋರಿಗೆ 75. ಸಿಜಿಪಿಎಗೆ, ಅಂದ್ರೆ ಒಟ್ಟು ಗ್ರೇಡ್ ಸರಾಸರಿಗೆ ಸೇರಲ್ಲ, ಆದ್ರೆ ಇಲ್ದೇ ಇದ್ರೆ ಡಿಗ್ರಿ ಕೈಗೆ ಬರಲ್ಲ. ಕೊನೇ ವರ್ಷ ಹುಡುಗ್ರು ಗಿಡ ನೆಡೋ ಫೋಟೋ ಹುಡುಕ್ಕೊಂಡು ಓಡಾಡೋದು ಇದಕ್ಕೇ. ನಾನೂ ಎನ್‌ಎಸ್‌ಎಸ್ ಅಂದ್ರೆ ಫೋಟೋ, ಬ್ಯಾನರ್, ಪೊರಕೆ ಅಷ್ಟೇ ಅಂತಿದ್ದೆ, ಕ್ಯಾಂಪ್‌ಗೆ ಹೋಗಿ ಬಂದ್ಮೇಲೆ ಹಂಗೆ ಅನ್ನಲ್ಲ. ಏಳು ದಿನದ ಕ್ಯಾಂಪು, ಹಳ್ಳಿ ಸ್ಕೂಲಲ್ಲೇ ಮಲಗೋದು, ಬೆಳಿಗ್ಗೆ ಶ್ರಮದಾನ, ಸಂಜೆ ಊರವ್ರ ಮುಂದೆ ಕಾರ್ಯಕ್ರಮ. ನಾವು ಕಲ್ಯಾಣಿ ಹೂಳು ತೆಗೆದ್ವಿ. ಮೇಲಿಂದ ನೋಡಿದ್ರೆ ಕಸ, ಪ್ಲಾಸ್ಟಿಕ್ಕು, ಒಣಗಿದ ಹೂವಿನ ಹಾರ. ಕೆಳಗಿಳಿದು ಬಾಂಡ್ಲಿಗೆ ತುಂಬ್ತಾ ತುಂಬ್ತಾ ಹೋದಾಗ ಸನಿಕೆಗೆ ಟಣ್ ಅಂತು, ಮೆಟ್ಲು! ಅದ್ರ ಕೆಳಗೆ ಇನ್ನೊಂದ್ ಮೆಟ್ಲು. ಊರಿನ ಅಜ್ಜಿ ಒಬ್ರು ಬಂದು "ಇಲ್ಲೇ ಕಣವ್ವ ನಾವು ಬಟ್ಟೆ ಒಗೀತಿದ್ದಿದ್ದು" ಅಂತ ಮೆಟ್ಲು ಮೇಲೆ ಕೂತೇಬಿಟ್ರು.

ಎನ್‌ಎಸ್‌ಎಸ್ ಶುರುವಾಗಿದ್ದು 1969 ಸೆಪ್ಟೆಂಬರ್ 24ಕ್ಕೆ, ಗಾಂಧೀಜಿ ನೂರನೇ ವರ್ಷ ಅದು, ಆಗ 37 ಯೂನಿವರ್ಸಿಟಿ, 40 ಸಾವಿರ ಹುಡುಗ್ರು. ಈ ಬ್ಯಾಡ್ಜ್‌ನಲ್ಲಿರೋದು ಕೋನಾರ್ಕ್ ರಥದ ಚಕ್ರ, ಎಂಟು ಅರ ಅಂದ್ರೆ ದಿನದ ಇಪ್ಪತ್ನಾಲ್ಕು ಗಂಟೆ. ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ ಕೆಲಸ ಮಾಡ್ಬೇಕು, ಆಗ ಸರ್ಟಿಫಿಕೇಟ್. ಹುಡಿ ಇಲ್ಲ, ಇಂಟರ್‌ವ್ಯೂ ಇಲ್ಲ. ಇವಳು ಅಲ್ಲೇ ಹೆಸರು ಬರ್ಸಿದ್ಲು.

ಎನ್‌ಸಿಸಿ ನಮ್ಮ ಕಾಲೇಜಲ್ಲಿಲ್ಲ. ಇರೋ ಕಾಲೇಜಿನೋರು ಬಿಡ್ಬೇಡಿ. ಆರ್ಮಿ ಆಸೆ ಇದ್ರೆ ಸಿ ಸರ್ಟಿಫಿಕೇಟ್ ಮಾಡ್ಕೊಳ್ಳಿ, ಬಿ ಗ್ರೇಡ್ ಅಥವಾ ಅದಕ್ಕಿಂತ ಮೇಲೆ ಬಂದ್ರೆ ಎನ್‌ಸಿಸಿ ಸ್ಪೆಷಲ್ ಎಂಟ್ರಿಗೆ ಅಪ್ಲೈ ಮಾಡಬಹುದು, ರಿಟನ್ ಎಕ್ಸಾಂ ಇಲ್ದೇ ಎಸ್‌ಎಸ್‌ಬಿಗೆ, ಅಂದ್ರೆ ಆಫೀಸರ್ ಆಯ್ಕೆ ಇಂಟರ್‌ವ್ಯೂಗೆ ಕರೀತಾರೆ.

ಇದು ವರ್ಕ್‌ಶಾಪ್ ಹಿಂದೆ, ಬಾಹಾ ಟೀಮಿನ ಗ್ಯಾರೇಜು. ಟೇಬಲ್ ಹಾಕೋಕೇ ಪುರುಸೊತ್ತಿಲ್ಲ ಇವ್ರಿಗೆ, ಬೇಕಾದ್ರೆ ನೀವೇ ಬನ್ನಿ ಅಂತ ಬೋರ್ಡ್ ಹಾಕಿದ್ರು. ಬಾಹಾ ಅಂದ್ರೆ ಒಬ್ರೇ ಕೂರೋ ಗಾಡಿ, ಕಲ್ಲು ಮಣ್ಣು ಗುಂಡಿ ಎಲ್ಲಾದ್ರಲ್ಲೂ ಓಡ್ಬೇಕು, ಹುಡುಗ್ರೇ ಡಿಸೈನ್ ಮಾಡಿ ಹುಡುಗ್ರೇ ಕಟ್ಟೋದು. ಇಂದೋರ್ ಹತ್ರ ಪಿತಾಂಪುರದಲ್ಲಿ ವರ್ಷ ವರ್ಷ ನಡ್ಕೊಂಡ್ ಬಂದಿರೋ ಸ್ಪರ್ಧೆ, ಕೊನೇಲಿ ನಾಲ್ಕು ಗಂಟೆ ಎಂಡ್ಯೂರೆನ್ಸ್ ರೇಸು. ಪೆಟ್ರೋಲ್ ಗಾಡಿ ಟೀಮಿಗೆಲ್ಲಾ ಒಂದೇ ಥರದ ಇಂಜಿನ್, ಅದ್ರೊಳಗೆ ಕೈ ಹಾಕಂಗಿಲ್ಲ, ಉಳಿದಿದ್ದೆಲ್ಲಾ ನಮ್ ತಲೆ ನಮ್ ಕೈ.

ಇಲ್ಲಿ ನೋಡಿ, ಈ ಬಿಳೀ ಅಸ್ಥಿಪಂಜರ ಥರ ಇರೋದು ಪಿವಿಸಿ ಪೈಪಲ್ಲಿ ಮಾಡಿರೋ ಫ್ರೇಮು. ಸ್ಟೀಲ್ ಕತ್ತರಿಸೋಕ್ ಮುಂಚೆ ಮನೆ ನೀರಿನ ಪೈಪಲ್ಲೇ ಪೂರ್ತಿ ಸೈಜಿಗೆ ಕಟ್ಟಿ ಡ್ರೈವರ್‌ನ ಕೂರ್ಸಿ ತಲೆ ತಗುಲುತ್ತಾ, ಮಂಡಿ ತಗುಲುತ್ತಾ ನೋಡ್ತಾರೆ. ಆಮೇಲೆ ಅಸಲಿ ಪೈಪು. ಒಂದು ಪೈಪ್ ಇನ್ನೊಂದಕ್ಕೆ ಕೂಡೋ ಕಡೆ ನೇರ ಕಟ್ ಮಾಡಿದ್ರೆ ಸಂದಿ ಉಳಿಯುತ್ತೆ, ಅದಕ್ಕೆ ತುದೀನ ಮೀನು ಬಾಯಿ ಬಿಟ್ಟಂಗೆ ಗ್ರೈಂಡ್ ಮಾಡ್ತಾರೆ. ಈ ಹುಡುಗ ಪೇಪರ್ ಟೆಂಪ್ಲೇಟ್ ಸುತ್ತಿ, ಚಾಕ್‌ಪೀಸಲ್ಲಿ ಗೆರೆ ಎಳ್ದು, ಸ್ವಲ್ಪ ಉಜ್ಜೋದು, ಇಟ್ಟು ನೋಡೋದು, ಬೆಳಕು ತೂರುತ್ತಾ ಅಂತ ಹಿಂದಿಂದ ಫೋನ್ ಟಾರ್ಚ್ ಹಿಡಿಯೋದು, ಮತ್ತೆ ಉಜ್ಜೋದು. ಬೆಳಕು ಪೂರ್ತಿ ನಿಂತಾಗ್ಲೇ ವೆಲ್ಡಿಂಗ್ ಅಣ್ಣಂಗೆ ಕೊಡೋದು. ಸೇರಿ ಸ್ವಲ್ಪ ದಿನ ಆಗಿರೋ ಫಸ್ಟ್ ಇಯರ್ ಹುಡುಗ ಅವ್ನು! ಮೊದಲ ವಾರಾನೇ ಗ್ರೈಂಡರ್ ಕೈಗೆ ಕೊಟ್ಟಿದಾರೆ, ಪಕ್ಕದಲ್ಲಿ ಸೀನಿಯರ್ ನಿಂತಿದಾನೆ, ಇಬ್ರಿಗೂ ಸೇಫ್ಟಿ ಕನ್ನಡಕ ಇದೆ. ನಾನು ಕ್ಲಬ್ಬು ಅಂದ್ರೆ ಇದು ಅಂತೀನಿ. ಸೇರೋಕ್ ಮುಂಚೆ ಒಂದೇ ಪ್ರಶ್ನೆ ಕೇಳಿ, ಫಸ್ಟ್ ಇಯರ್‌ಗೆ ಏನ್ ಕೆಲಸ ಕೊಡ್ತೀರಾ ಅಂತ. ಚೇರ್ ಎತ್ತೋದು, ಸ್ಟೋರಿ ಶೇರ್ ಮಾಡೋದು ಅಂದ್ರೆ ಅಲ್ಲಿಂದ ಎದ್ದು ಬನ್ನಿ.

ಅಟೆಂಡೆನ್ಸ್ ಬಗ್ಗೆ ಮೊನ್ನೆ ಲೈವಲ್ಲಿ ತುಂಬಾ ಜನ ಕೇಳಿದ್ರಿ. 85 ಪರ್ಸೆಂಟ್ ರೂಲು, ಕಾರಣ ಸರಿ ಇದ್ರೆ 75ರವರೆಗೆ ಬಿಡ್ತಾರೆ. ಕ್ಲಬ್ ಕೆಲಸಕ್ಕೆ "ಓ.ಡಿ.", ಅಂದ್ರೆ ಆನ್ ಡ್ಯೂಟಿ ಅಂತ ಅಟೆಂಡೆನ್ಸ್ ಸಿಗುತ್ತೆ ಅಂತ ಸೀನಿಯರ್ ಹೇಳಿದ್ರೆ, ಡಿಪಾರ್ಟ್‌ಮೆಂಟ್ ಮುಖ್ಯಸ್ಥರ (ಎಚ್‌ಓಡಿ) ಸೈನ್ ಆಗಿರೋ ಲೆಟರ್ ಕಣ್ಣಲ್ಲಿ ನೋಡೋವರ್ಗೂ ಕ್ಲಾಸ್ ಬಿಡ್ಬೇಡಿ.

ಸರಿ, ಕೊನೇದು ಕನ್ನಡ ಸಂಘ. ಮೂಲೇಲಿ, ಜೆರಾಕ್ಸ್ ಅಂಗಡಿ ಪಕ್ಕ, ಒಂದು ಟೇಬಲ್ಲು, ಎರಡು ಬಾವುಟ. ನಮ್ಮಲ್ಲಿ ನವೆಂಬರ್ ಬಂದ್ರೆ ಎದ್ದು ಡಿಸೆಂಬರ್‌ಗೆ ಮಲಗೋ ಸಂಘ ಇದು, ನನಗೆ ಈ ವಿಷಯದಲ್ಲಿ ಬೇಜಾರಿದೆ, ನೇರವಾಗೇ ಹೇಳ್ತೀನಿ. ಡಿಜೆ, ಶಾಲು, ಒಂದು ಆರ್ಕೆಸ್ಟ್ರಾ, ಮುಗೀತು. ಕಾಲೇಜು ಕನ್ನಡ ಸಂಘ ಅಂದ್ರೆ ಏನೇನ್ ಮಾಡಿದೆ ಗೊತ್ತಾ ಈ ಊರಲ್ಲಿ? ಮೆಟ್ರೋದಲ್ಲಿ ಸೆಂಟ್ರಲ್ ಕಾಲೇಜ್ ಸ್ಟೇಷನ್ ಬರುತ್ತಲ್ಲ, ಅದೇ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ 1919ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು 'ಪ್ರಬುದ್ಧ ಕರ್ನಾಟಕ' ಪತ್ರಿಕೆ ಶುರು ಮಾಡಿದ್ರು. ಕ್ರೈಸ್ಟ್ ಕಾಲೇಜಲ್ಲಿ ಚಿ. ಶ್ರೀನಿವಾಸರಾಜು ಮೇಷ್ಟ್ರು 1972ರಲ್ಲಿ ಕನ್ನಡ ಸಂಘ ಕಟ್ಟಿದ್ರು, ಹುಡುಗ್ರಿಗೆ ಬೇಂದ್ರೆ ಹೆಸರಲ್ಲಿ ಅಂತರ ಕಾಲೇಜು ಕವನ ಸ್ಪರ್ಧೆ, ಕಡಿಮೆ ರೇಟಿಗೆ ಒಳ್ಳೊಳ್ಳೆ ಪುಸ್ತಕ. ಕಾಲೇಜಿನ ಒಂದು ಸಂಘ ಪಬ್ಲಿಷರ್ ಆಯ್ತು! ದುಡ್ಡಿರೋ ಕಾಲೇಜುಗಳು ಎಷ್ಟಿವೆ ಈಗ, ಹಿಂಗೆ ಮಾಡೋರು ಎಷ್ಟು ಜನ.

ಇಷ್ಟೆಲ್ಲಾ ಬೈಕೊಂಡೇ ಹೋದೆ, ಈ ಸಲ ಟೇಬಲಲ್ಲಿದ್ದ ಮೇಡಂ ಬೇರೆಯವ್ರು. ಹೊಸದಾಗಿ ಬಂದಿದಾರೆ, ಮ್ಯಾತ್ಸ್ ಡಿಪಾರ್ಟ್‌ಮೆಂಟು. ವರ್ಷಪೂರ್ತಿ ಬೀದಿ ನಾಟಕ ಮಾಡೋಣ ಅಂತ ಪ್ಲಾನ್ ಇದೆಯಂತೆ, ಮೈಕ್ ಬೇಡ, ಸ್ಟೇಜ್ ಬೇಡ, ಒಂದು ತಮಟೆ ಸಾಕು, ಬಸ್ ಸ್ಟಾಪಲ್ಲೇ ಮಾಡಬಹುದು. ದುಡ್ಡೆಷ್ಟು ಮೇಡಂ ಅಂತ ಮೊದಲೇ ಕೇಳ್ದೆ. "ದುಡ್ಡ್ ಯಾಕಮ್ಮಾ, ಗಂಟಲು ತಗೊಂಡ್ ಬಾ" ಅಂದ್ರು. ಆಮೇಲೆ ಇವಳ ಕಡೆ ತಿರುಗಿ, ಎಲ್ಲಿ, ಕಾಲೇಜ್ ಕ್ಯಾಂಟೀನ್ ರೇಟ್ ಬಗ್ಗೆ ಒಂದ್ನಿಮಿಷ ಮಾತಾಡು ಅಂದ್ರು. ಶುರು ಮಾಡಿದ್ಲು ನೋಡಿ! ಇಲ್ಲಿಂದ ಆಡಿಯೋ ಒರಿಜಿನಲ್ ಬಿಡ್ತೀನಿ, ಡ್ಯಾನ್ಸ್ ಕ್ಲಬ್ಬವ್ರ ಸ್ಪೀಕರ್ ಮೇಲೂ ಅವಳ ದನಿ ಕೇಳ್ಸುತ್ತೆ, ಜೆರಾಕ್ಸ್ ತೆಗೆಸ್ಕೊಳ್ಳೋಕೆ ನಿಂತಿದ್ದೋರೆಲ್ಲಾ ಇತ್ತ ಕಡೆ ತಿರುಗಿದಾರೆ.

ಪ್ರಾಕ್ಟೀಸ್ ಮಂಗಳವಾರ ಗುರುವಾರ ಸಂಜೆ, ನಾಲ್ಕೂವರೆಗೆ, ಬಾಸ್ಕೆಟ್‌ಬಾಲ್ ಕೋರ್ಟ್ ಮೆಟ್ಲ ಹತ್ರ, ನಮ್ಮ ಕಾಲೇಜಿನೋರು ಯಾರಾದ್ರೂ ನೋಡ್ತಿದ್ರೆ ಸೀದಾ ಬನ್ನಿ, ಫಾರ್ಮ್ ಗೀರ್ಮ್ ಏನಿಲ್ಲ. ಕ್ಯಾಮೆರಾ ಬ್ಯಾಟರಿ ರೆಡ್ ಬಂತು, ಇಲ್ಲಿಗೆ ಕಟ್ ಆಗುತ್ತೆ, ಕಾಮೆಂಟಲ್ಲಿ ನಿಮ್ಮ ಕಾಲೇಜಿನ ಕನ್ನಡ ಸಂಘ ಡಿಸೆಂಬರ್‌ನಲ್ಲಿ ಏನ್ ಮಾಡುತ್ತೆ ಅಂತ ಬರೀರಿ, ನಾನು ಒಂದೊಂದೂ ಓದ್ತೀನಿ, ಬಾಯ್.