ಪಯಸ್ವಿನಿ ಕೋಣದಂತೆ ನುಗ್ಗಿದ್ದು ಯಾಕೆ? ಶಾಲೆಯ ಅಲಂಕಾರ ಪಾಠ

[ಕಪ್ಪುಹಲಗೆಯ ಮೇಲೆ ಒಂದೇ ವಾಕ್ಯ: ‘ಮಳೆಗೆ ಉಕ್ಕಿದ ಪಯಸ್ವಿನಿ ಕಂಬಳದ ಕೋಣದಂತೆ ನುಗ್ಗಿತು.’]

ನಮಸ್ಕಾರ. ಪಯಸ್ವಿನಿ ನಮ್ಮ ಕಾಸರಗೋಡಿನ ಹೊಳೆ. ಈ ವಾಕ್ಯವನ್ನು ಇಲ್ಲಿನ ಯಾವುದಾದರೂ ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಬರೆದು, ‘ಇದು ಯಾವ ಅಲಂಕಾರ?’ ಎಂದು ಕೇಳಿ. ಹಿಂದಿನ ಬೆಂಚಿನಿಂದಲೂ ಉತ್ತರ ಬರುತ್ತದೆ: ಉಪಮಾಲಂಕಾರ. ಹೇಗೆ ಗೊತ್ತಾಯಿತು ಎಂದರೆ, ‘ಅಂತೆ’ ಇದೆಯಲ್ಲ! ಲಕ್ಷಣ ಹೇಳು ಎಂದರೆ ಉಸಿರು ಬಿಡದೆ ಒಪ್ಪಿಸುತ್ತಾರೆ. ಸಮನ್ವಯವೂ ಸಿದ್ಧ: ‘ಇಲ್ಲಿ ಉಪಮೇಯವಾದ ಪಯಸ್ವಿನಿಯನ್ನು ಉಪಮಾನವಾದ ಕಂಬಳದ ಕೋಣಕ್ಕೆ ಹೋಲಿಸಿರುವುದರಿಂದ...’ ಇತ್ಯಾದಿ.

ಈಗ ಇನ್ನೊಂದು ಪ್ರಶ್ನೆ ಹಾಕಿ. ಕೋಣವೇ ಯಾಕೆ? ಆನೆ ಯಾಕಲ್ಲ?

ತರಗತಿ ಗಪ್‌ಚಿಪ್. ಈ ಪ್ರಶ್ನೆ ಯಾವ ಪ್ರಶ್ನೆಪತ್ರಿಕೆಯಲ್ಲಿಯೂ ಬರುವುದಿಲ್ಲ. ಆದರೆ ಇದಕ್ಕೆ ಉತ್ತರ ಹೇಳಬಲ್ಲ ಮಗುವಿಗೆ ಅಲಂಕಾರ ಅರ್ಥವಾಗಿದೆ. ಉಳಿದವರಿಗೆ ಅಲಂಕಾರದ ಹೆಸರು ಮಾತ್ರ ಗೊತ್ತಿದೆ. ಇದು ನನ್ನ ಪಕ್ಷ. ಪರೀಕ್ಷೆಗೆ ಬೇಕಾದದ್ದನ್ನೂ ನಡುನಡುವೆ ಹೇಳುತ್ತೇನೆ, ಹೆದರಬೇಡಿ.

[ಪರದೆಯ ಮೇಲೆ ವಾಕ್ಯದ ನಾಲ್ಕು ಭಾಗಗಳು ನಾಲ್ಕು ಬಣ್ಣಗಳಲ್ಲಿ]

ಉಪಮೆಗೆ 4 ಅಂಗಗಳು. ವರ್ಣನೆಗೆ ಗುರಿಯಾದದ್ದು ಉಪಮೇಯ: ಪಯಸ್ವಿನಿ. ಯಾವುದಕ್ಕೆ ಹೋಲಿಸಿದ್ದೇವೋ ಅದು ಉಪಮಾನ: ಕಂಬಳದ ಕೋಣ. ಎರಡನ್ನೂ ಜೋಡಿಸುವ ‘ಅಂತೆ’ ಉಪಮಾವಾಚಕ. ಎರಡರಲ್ಲಿಯೂ ಇರುವ ಗುಣ ಸಮಾನಧರ್ಮ: ಇಲ್ಲಿ ನುಗ್ಗುವುದು. ನಾಲ್ಕೂ ಇದ್ದರೆ ಪೂರ್ಣೋಪಮೆ, ಯಾವುದಾದರೂ ಬಿಟ್ಟುಹೋದರೆ ಲುಪ್ತೋಪಮೆ. ಟಿಪ್ಪಣಿ ಬರೆದುಕೊಳ್ಳುವವರು ಬರೆದುಕೊಳ್ಳಿ.

ನಾವು ನಿಲ್ಲಬೇಕಾದದ್ದು ನಾಲ್ಕನೆಯದರ ಹತ್ತಿರ. ಪೈವಳಿಕೆಯಲ್ಲೋ ಬೇರೆಲ್ಲೋ ಕಂಬಳ ನೋಡಿದವರು ನೆನಪು ಮಾಡಿಕೊಳ್ಳಿ. ಕೋಣಗಳು ಗದ್ದೆಯ ತುಂಬ ಅಡ್ಡಾದಿಡ್ಡಿ ಓಡುವುದಿಲ್ಲ. ಅವುಗಳಿಗೆ ಒಂದು ‘ಕರೆ’ ಇದೆ, ಅಂದರೆ ಓಟದ ದಾರಿ; ಎರಡು ಬದಿಗೂ ದಂಡೆ ಇದೆ, ಓಟ ಮುಗಿಯುವ ಜಾಗವಾದ ಮಂಜೊಟ್ಟಿ ಮುಟ್ಟುವವರೆಗೆ ಅದರೊಳಗೇ ಓಟ. ಕಾಲಡಿಯಿಂದ ಕೆಸರು ನೀರು ಆಳೆತ್ತರಕ್ಕೆ ಚಿಮ್ಮುತ್ತದೆ. ಈಗ ಆಟಿ ತಿಂಗಳ, ಅಂದರೆ ತುಂಬು ಮಳೆಗಾಲದ, ಪಯಸ್ವಿನಿಯನ್ನು ನೋಡಿ: ಕೆಂಪು ನೀರು, ಎರಡು ದಂಡೆ, ಹಿಂದೆ ತಿರುಗದ ಓಟ. ವಾಕ್ಯದಲ್ಲಿ ಬರೆದ ಸಮಾನಧರ್ಮ ‘ನುಗ್ಗುವುದು’ ಒಂದೇ. ಅದರ ಬೆನ್ನಿಗೆ ಕೆಸರಿನ ಬಣ್ಣ, ದಂಡೆ, ಏಕಮುಖ ಓಟ ಎಲ್ಲವೂ ಹೇಳದೆಯೇ ಬಂದವು. ‘ಆನೆಯಂತೆ ನುಗ್ಗಿತು’ ಎಂದು ಬದಲಿಸಿದರೆ ಹೊಳೆ ದಂಡೆ ಮೀರಿ ತೋಟಕ್ಕೆ ನುಗ್ಗುತ್ತದೆ, ಬಾಳೆ ಮುರಿಯುತ್ತದೆ. ವ್ಯಾಕರಣದ ಲೆಕ್ಕದಲ್ಲಿ ಎರಡೂ ಉಪಮೆಯೇ, ಎರಡಕ್ಕೂ ಸಮಾನ ಅಂಕವೇ. ಓದುವವನ ಕಣ್ಣಿಗೆ ಮಾತ್ರ ಬೇರೆ ಬೇರೆ ಹೊಳೆ.

ಬಿಟ್ಟುಬಿಡಬೇಕಾದವೂ ಇವೆ. ಕೋಣಕ್ಕೆ ಕೊಂಬಿದೆ, ಹೊಳೆಗಿಲ್ಲ. ಕೋಣಕ್ಕೆ ಯಜಮಾನನಿದ್ದಾನೆ, ಹೊಳೆಗಿಲ್ಲ. ಯಾವುದನ್ನು ಒಳಗೆ ತರಬೇಕು, ಯಾವುದನ್ನು ಹೊರಗೆ ನಿಲ್ಲಿಸಬೇಕು ಎಂದು ಓದುವವನ ಮನಸ್ಸು ಕ್ಷಣದಲ್ಲಿ ತೀರ್ಮಾನಿಸುತ್ತದೆ. ಪಾಠ ಮಾಡಬೇಕಾದದ್ದು ಇದನ್ನೇ.

[ಲಕ್ಷಣವಾಕ್ಯ ಪರದೆಯ ಮೇಲೆ, ‘ಚಮತ್ಕಾರವಾಗಿ’ ಎಂಬ ಪದಕ್ಕೆ ಅಡಿಗೆರೆ]

ಉಪಮೆಯ ಲಕ್ಷಣವಾಕ್ಯದಲ್ಲಿ ಎಲ್ಲರೂ ಬಾಯಿಪಾಠ ಹೇಳಿ ದಾಟಿಹೋಗುವ ಒಂದು ಪದವಿದೆ. ಎರಡು ವಸ್ತುಗಳ ಸಾದೃಶ್ಯವನ್ನು ‘ಚಮತ್ಕಾರವಾಗಿ’ ವರ್ಣಿಸಬೇಕು. ‘ಕಾಟಿ ನೋಡಲು ಊರಿನ ಕೋಣದಂತೆ ಇರುತ್ತದೆ.’ ಕಾಟಿ ಎಂದರೆ ಕಾಡುಕೋಣ. ಇಲ್ಲಿಯೂ ‘ಅಂತೆ’ ಇದೆ, ಹೋಲಿಕೆಯೂ ಸರಿಯಾಗಿದೆ, ಆದರೂ ಇದು ಅಲಂಕಾರವಲ್ಲ. ಕಾಟಿಯನ್ನು ಕಾಣದವನಿಗೆ ಕೊಟ್ಟ ಮಾಹಿತಿ, ಅಷ್ಟೆ. ಸಂಸ್ಕೃತದ ಶಾಸ್ತ್ರಕಾರರೂ ‘ಗವಯ (ಒಂದು ಕಾಡುಪ್ರಾಣಿ) ಹಸುವಿನಂತಿದೆ’ ಎಂಬ ಮಾತನ್ನು ಹಿಡಿದುಕೊಂಡು ಇದನ್ನೇ ಚರ್ಚಿಸಿದ್ದಾರೆ. ಹತ್ತಿರದ ಎರಡು ವಸ್ತುಗಳನ್ನು ಹೋಲಿಸುವುದರಲ್ಲಿ ಸೊಗಸಿಲ್ಲ. ಹೊಳೆಯೂ ಕೋಣವೂ ದೂರದವು, ಆದ್ದರಿಂದಲೇ ಅವು ಒಂದಾದಾಗ ಕಿವಿ ನಿಮಿರುತ್ತದೆ. ‘ಅಂತೆ’ ಹುಡುಕುವ ಮಗು ಎರಡನ್ನೂ ಒಂದೇ ಬುಟ್ಟಿಗೆ ಹಾಕುತ್ತದೆ.

[ತಾಳಮದ್ದಳೆಯ ದೃಶ್ಯ: ಚೆಂಡೆ, ಮದ್ದಳೆ, ಎದುರುಬದುರು ಕುಳಿತ ಇಬ್ಬರು ಅರ್ಥಧಾರಿಗಳು]

ಈ ವಿಷಯದಲ್ಲಿ ನಮ್ಮ ನಾಡಿಗೆ ಒಳ್ಳೆಯ ಗುರುಗಳಿದ್ದಾರೆ, ಶಾಲೆಯ ಹೊರಗೆ. ಯಕ್ಷಗಾನ ಕವಿ ಕುಂಬಳೆಯ ಪಾರ್ತಿಸುಬ್ಬನ ನೆಲ ಇದು. ತಾಳಮದ್ದಳೆ ಎಂದರೆ ವೇಷವಿಲ್ಲದೆ, ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನ; ಅದರಲ್ಲಿ ಪಾತ್ರದ ಮಾತಾಡುವ ಅರ್ಥಧಾರಿಗಳು ಉಪಮೆಯಿಂದಲೇ ಜಗಳವಾಡುತ್ತಾರೆ. ವಾಲಿವಧೆಯ ಪ್ರಸಂಗ ಎಂದುಕೊಳ್ಳಿ. ರಾಮನ ಅರ್ಥ ಹೇಳುವವರು, ‘ರಘುವಂಶದವನು ಸೂರ್ಯನಂತೆ, ಎಲ್ಲರಿಗೂ ಸಮಾನ’ ಎನ್ನುತ್ತಾರೆ. ಬಾಣ ತಾಗಿ ಬಿದ್ದ ವಾಲಿ ಬಿಡುತ್ತಾನೆಯೇ? ‘ಸೂರ್ಯನಂತೆ ಎಂದೆಯಲ್ಲ ರಾಮಾ, ಸೂರ್ಯ ಮರದ ಮರೆಯಲ್ಲಿ ನಿಂತು ಸುಡುತ್ತಾನೆಯೇ?’

ಮಾದರಿಗೆಂದು ನಾನೇ ಕಟ್ಟಿದ ಮಾತುಗಳು ಇವು, ಆದರೆ ಪಟ್ಟು ತಾಳಮದ್ದಳೆಯದೇ. ವಾಲಿ ಉಪಮಾನವನ್ನು ಬದಲಿಸಲಿಲ್ಲ. ಸಮಾನಧರ್ಮವನ್ನು ಬದಲಿಸಿದ. ಸಮತ್ವ ಎಂದು ರಾಮ ಇಟ್ಟದ್ದನ್ನು ‘ಎದುರು ನಿಲ್ಲುವ ಗುಣ’ ಎಂದು ತಿರುಗಿಸಿದ. ರಾಮ ಹೊರಗೆ ನಿಲ್ಲಿಸಿದ್ದ ಗುಣವನ್ನೇ ಕೈಹಿಡಿದು ಒಳಗೆ ಕರೆತಂದ. ಪೂರ್ಣೋಪಮೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಯಾಕೆ ಬೇಕು? ತರಗತಿಯಲ್ಲಿ ಇಬ್ಬರನ್ನು ಎದುರುಬದುರು ಕೂರಿಸಿ ಒಂದು ಉಪಮೆ ಕೊಟ್ಟು ನೋಡಿ. ಗಲಾಟೆಯಾಗುತ್ತದೆ, ಪಕ್ಕದ ತರಗತಿಯ ಮಾಸ್ಟ್ರು ಬಂದು ಇಣುಕಿಯೂ ನೋಡಬಹುದು. ಚಿಂತೆಯಿಲ್ಲ.

[ಮತ್ತೆ ಕಪ್ಪುಹಲಗೆ, ಮೊದಲಿನ ವಾಕ್ಯ ಒಂದೊಂದಾಗಿ ಬದಲಾಗುತ್ತದೆ]

ಒಂದೇ ವಾಕ್ಯವನ್ನು ತಿರುಗಿಸುತ್ತ ಹೋದರೆ ಉಳಿದ ಅಲಂಕಾರಗಳೂ ಒಂದರ ಹಿಂದೆ ಒಂದು ಬರುತ್ತವೆ.

‘ಪಯಸ್ವಿನಿಯೆಂಬ ಕೋಣ ನುಗ್ಗಿತು.’ ಹೋಲಿಕೆ ಹೋಯಿತು, ಎರಡೂ ಒಂದೇ ಎಂದಾಯಿತು. ಈ ಅಭೇದವೇ ರೂಪಕ.

‘ಹಿಂದಿನಿಂದ ಯಾರೋ ಬೆತ್ತ ಬೀಸಿ ಓಡಿಸಿದರೋ ಎಂಬಂತೆ ಪಯಸ್ವಿನಿ ನುಗ್ಗಿತು.’ ಇಲ್ಲಿ ಎಡವುವವರು ಬಹಳ. ‘ಎಂಬಂತೆ’ಯ ಬಾಲದಲ್ಲಿ ‘ಅಂತೆ’ ಕಂಡು ಉಪಮೆ ಎಂದು ಬರೆದುಬಿಡುತ್ತಾರೆ. ಬೆತ್ತ ಬೀಸಿದವರು ಯಾರೂ ಇಲ್ಲ. ಇದ್ದಾರೇನೋ ಎಂದು ಕವಿ ಊಹಿಸಿದ. ಕೋಣ ಲೋಕದಲ್ಲಿ ಇರುವ ವಸ್ತು, ಈ ಓಡಿಸುವಿಕೆ ಕವಿಯ ತಲೆಯಲ್ಲಿ ಮಾತ್ರ ಇರುವಂಥದ್ದು. ಇದು ಉತ್ಪ್ರೇಕ್ಷೆ.

‘ಕೋಣ ಕರೆಗೆ ಇಳಿಯಿತು, ಇನ್ನು ದಂಡೆಯವರು ಜೋಪಾನ.’ ಹೊಳೆಯ ಹೆಸರೇ ಇಲ್ಲ. ಉಪಮಾನ ಉಪಮೇಯವನ್ನು ನುಂಗಿಬಿಟ್ಟಿದೆ. ಶಾಸ್ತ್ರದಲ್ಲಿ ಇದಕ್ಕೆ ರೂಪಕಾತಿಶಯೋಕ್ತಿ ಎನ್ನುತ್ತಾರೆ. ಹೆಸರು ಕೇಳಿ ಓಡಬೇಡಿ, ನಿಮ್ಮ ಅಜ್ಜಿಗೆ ಇದು ಬರುತ್ತದೆ. ಒಗಟು ಎಂದರೆ ಹೆಚ್ಚುಕಡಿಮೆ ಇದೇ: ಉಪಮೇಯವನ್ನು ಬಚ್ಚಿಟ್ಟು, ಹುಡುಕು ಎನ್ನುವುದು.

[ಬಕೆಟ್ಟಿನ ನೀರಿಗೆ ಸುಟ್ಟ ಸುಣ್ಣದ ಗಟ್ಟಿ ಬೀಳುವ ಸಮೀಪ ದೃಶ್ಯ, ಹಬೆ ಏಳುತ್ತದೆ]

‘ಕಲ್ಲರಳಿ ಹೂವಾಗಿ, ಎಲ್ಲರಿಗೂ ಬೇಕಾಗಿ...’ ಎಂದು ಆರಂಭವಾಗುವ ಹಳೆಯ ಒಗಟು ಗೊತ್ತಲ್ಲ? ಉತ್ತರ ಸುಣ್ಣ. ಉತ್ತರವನ್ನು ಪುಸ್ತಕದಲ್ಲಿ ಓದಿದ ಮಗುವಿಗೆ ಅದೊಂದು ಸಾಮಾನ್ಯಜ್ಞಾನ. ಅಡಿಕೆ ತೋಟದ ಮನೆಯ ಮಗುವಿನ ಮಾತು ಬೇರೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ದಿನ ಅಂಗಳದಲ್ಲಿ ಏನು ನಡೆಯುತ್ತದೆ ಎಂದು ಅದಕ್ಕೆ ಗೊತ್ತು. ಆ ಮದ್ದೇ ಬೋರ್ಡೋ ದ್ರಾವಣ; ಅದಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಸುಟ್ಟ ಸುಣ್ಣದ ಗಟ್ಟಿಗೆ ನೀರು ಹಾಕಿದಾಗ ಮೊದಲು ಏನೂ ಆಗುವುದಿಲ್ಲ. ಆಮೇಲೆ ಬುಸುಗುಡುತ್ತದೆ, ಹಬೆ ಬರುತ್ತದೆ, ಗಟ್ಟಿ ಬಿರಿಯುತ್ತದೆ, ಪದರ ಪದರವಾಗಿ ಉಬ್ಬಿ ಬೆಳ್ಳಗೆ ಹುಡಿಯಾಗಿ ತೆರೆದುಕೊಳ್ಳುತ್ತದೆ. ‘ಹತ್ತಿರ ಬರಬೇಡ, ಕಣ್ಣಿಗೆ ಹಾರುತ್ತದೆ’ ಎಂದು ದೊಡ್ಡವರು ಗದರಿಸಿರುತ್ತಾರೆ. ಒಗಟಿನ ‘ಅರಳಿ’ ಎಷ್ಟು ನಿಖರ ಎಂದು ಆ ಮಗುವಿಗೆ ಯಾರೂ ವಿವರಿಸಬೇಕಾಗಿಲ್ಲ.

ಹಾಗಾದರೆ ಪಠ್ಯದ ಉದಾಹರಣೆಗಳು ಬೇಡವೇ? ಬೇಕು. ಮುಖಕಮಲ, ರನ್ನಗನ್ನಡಿ, ಬೆಳದಿಂಗಳು ಕುಡಿಯುವ ಚಕೋರ ಇವೆಲ್ಲ ಸಾವಿರ ವರ್ಷದ ಸೊತ್ತು. 9ನೆಯ ಶತಮಾನದ ಕವಿರಾಜಮಾರ್ಗದ 3 ಪರಿಚ್ಛೇದಗಳಲ್ಲಿ ಎರಡು ಅಲಂಕಾರಕ್ಕೇ ಮೀಸಲು: ಒಂದು ಶಬ್ದಾಲಂಕಾರ (ಉಚ್ಚಾರಣೆಯ ಸೊಗಸು), ಒಂದು ಅರ್ಥಾಲಂಕಾರ (ಅರ್ಥದ ಸೊಗಸು). ಸಂಸ್ಕೃತದ ಅಲಂಕಾರಶಾಸ್ತ್ರಕಾರ ದಂಡಿಯ ದಾರಿ ಹಿಡಿದು ಬರೆದದ್ದು. ಅದರ ಮೊದಲ ಪರಿಚ್ಛೇದ ಕಾವ್ಯದ ದೋಷಗಳನ್ನು ಚರ್ಚಿಸುತ್ತದೆ, ಅಲಂಕಾರ ಆಮೇಲೆ. ನಮ್ಮ ಪಾಠಗಳಲ್ಲಿ ‘ಈ ಹೋಲಿಕೆ ಯಾಕೆ ಕೆಟ್ಟಿತು’ ಎಂಬ ಪ್ರಶ್ನೆಗೆ ಜಾಗವೇ ಇಲ್ಲ, ಹುಡುಗರು ಬರೆದ ಕೆಟ್ಟ ಉಪಮೆಯನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಮುಂದೆ ಹೋಗುತ್ತೇವೆ. ಚಕೋರ ಬೆಳದಿಂಗಳನ್ನೇ ಕುಡಿದು ಬದುಕುತ್ತದೆ ಎಂಬುದು ಕವಿಸಮಯ, ಅಂದರೆ ಕವಿಗಳು ತಮ್ಮೊಳಗೆ ಒಪ್ಪಿಕೊಂಡ ಕಟ್ಟುಕತೆ. ಅದನ್ನು ಹೇಳದೆ ಚಕೋರದ ಉಪಮೆಗೆ ಅಡಿಗೆರೆ ಎಳೆಸಿದರೆ ಮಗು ಹಕ್ಕಿಯ ಹೆಸರನ್ನು ಕಲಿಯುತ್ತದೆ, ಅಷ್ಟೆ.

ಇನ್ನು ಮನೆಮಾತಿನ ಸಂಗತಿ. ಕನ್ನಡ ಮಾಧ್ಯಮದ ಒಂದೇ ಬೆಂಚಿನಲ್ಲಿ ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ, ಹವ್ಯಕ ಕನ್ನಡ ಮಾತಾಡುವ ಮಕ್ಕಳು ಕೂರುವ ಊರು ಇದು. ಪಕ್ಕದ ಮಲಯಾಳ ಮಾಧ್ಯಮದ ತರಗತಿಯಲ್ಲಿಯೂ ಉಪಮೆ, ರೂಪಕ, ಉತ್ಪ್ರೇಕ್ಷೆ ಎಂಬ ಇದೇ ಹೆಸರುಗಳು; ಅಲ್ಲಿ ಎ. ಆರ್. ರಾಜರಾಜವರ್ಮರ ಅಲಂಕಾರಗ್ರಂಥ ಭಾಷಾಭೂಷಣದ ಲಕ್ಷಣ ಬಾಯಿಪಾಠ. ಆದ್ದರಿಂದ ಶಿಕ್ಷಕರಿಗೆ ಒಂದು ಕೋರಿಕೆ: ಮನೆಯಲ್ಲಿ ಬೈಯುವಾಗ ಬಳಸುವ ಹೋಲಿಕೆಗಳನ್ನು ಆಯಾ ಭಾಷೆಯಲ್ಲಿಯೇ ತರಲು ಹೇಳಿ. ಸೋಮಾರಿಗೆ, ಹೊಟ್ಟೆಬಾಕನಿಗೆ, ಮಾತು ನಿಲ್ಲಿಸದವನಿಗೆ ಪ್ರತಿ ಮನೆಯಲ್ಲಿಯೂ ಒಂದು ಉಪಮಾನ ಇದ್ದೇ ಇರುತ್ತದೆ. ಎಲ್ಲವನ್ನೂ ಹಲಗೆಯ ಮೇಲೆ ಬರೆದು ನಾಲ್ಕು ಅಂಗ ಬಿಡಿಸಿ. ಬೈಗುಳದಲ್ಲಿ ಲುಪ್ತೋಪಮೆ ಹೆಚ್ಚು, ಬೈಯುವವರಿಗೆ ಪುರುಸೊತ್ತಿರುವುದಿಲ್ಲ.

ಶಬ್ದಾಲಂಕಾರದ ಬಗ್ಗೆ ಎರಡೇ ಮಾತು. ಅನುಪ್ರಾಸ, ಯಮಕಗಳನ್ನು ಕಣ್ಣಿನಿಂದ ಹುಡುಕಬೇಡಿ, ಗಟ್ಟಿಯಾಗಿ ಓದಿ. ಮತ್ತು ಪ್ರಾಸವೆಂದರೆ ಕಡ್ಡಾಯ ಎಂದುಕೊಂಡವರು ಮಂಜೇಶ್ವರದ ಗೋವಿಂದ ಪೈಗಳನ್ನು ನೆನೆಯಿರಿ: ಕನ್ನಡ ಕಾವ್ಯ ಶತಮಾನಗಳಿಂದ ಪಾಲಿಸಿಕೊಂಡು ಬಂದ ದ್ವಿತೀಯಾಕ್ಷರ ಪ್ರಾಸವನ್ನು (ಪ್ರತಿ ಸಾಲಿನ ಎರಡನೆಯ ಅಕ್ಷರ ಹೊಂದಬೇಕೆಂಬ ನಿಯಮವನ್ನು) ಅವರು 1911ರಲ್ಲಿ ಕೈಬಿಟ್ಟರು. ದೃಷ್ಟಾಂತ, ಅರ್ಥಾಂತರನ್ಯಾಸ ಎಂಬ ಇನ್ನೆರಡು ಅಲಂಕಾರಗಳ ಗೊಂದಲವನ್ನು ಮುಂದಿನ ವಿಡಿಯೋಗೆ ಇಟ್ಟುಕೊಳ್ಳೋಣ, ಅದಕ್ಕೆ ಗಾದೆಗಳ ದೊಡ್ಡ ರಾಶಿಯೇ ಬೇಕು.

[ಪರದೆಯ ಮೇಲೆ ಮೂರು ವಾಕ್ಯಗಳು]

ಈಗ ನಿಮಗೆ ಕೆಲಸ.

‘ಬೇಕಲ ಕೋಟೆ ಕಡಲಿಗೆ ಮೊಣಕೈ ಊರಿ ಕುಳಿತಿದೆಯೋ ಎಂಬಂತೆ ಕಾಣುತ್ತದೆ.’

‘ಕೋಟೆಯ ಗೋಡೆ ಮುದುಕನ ಅಂಗೈಯಂತೆ ಒರಟು.’

‘ಕೋಟೆಯ ಗೋಡೆ ಕೆಂಪುಕಲ್ಲಿನ ಮನೆಯ ಗೋಡೆಯಂತಿದೆ.’

ಮೂರರಲ್ಲಿ ಒಂದು ಅಲಂಕಾರವೇ ಅಲ್ಲ. ಯಾವುದು, ಯಾಕೆ ಎಂದು ಕಮೆಂಟಿನಲ್ಲಿ ಬರೆಯಿರಿ. ಎರಡನೆಯದರಲ್ಲಿ ‘ಮುದುಕ’ನ ಬದಲು ‘ಮೀನುಗಾರ’ ಎಂದು ಹಾಕಿದರೆ ಗೋಡೆಗೆ ಏನು ಸೇರುತ್ತದೆ, ಏನು ಹೋಗುತ್ತದೆ ಎಂಬುದನ್ನೂ ಬರೆದರೆ ನಿಮ್ಮ ಉತ್ತರವನ್ನು ಮುಂದಿನ ವಿಡಿಯೋದಲ್ಲಿ ಓದುತ್ತೇನೆ. ಅಲಂಕಾರದ ಹೆಸರು ಮಾತ್ರ ಬರೆದವರದನ್ನು ಓದುವುದಿಲ್ಲ.