ಮೊದಲು ಮುಟ್ಟಿದ್ದು ಆನೆಯನ್ನು

ಚಿತ್ರ ಸ್ವಲ್ಪ ಅಲುಗಾಡುತ್ತಿದೆ. ಒಂದು ಕೈಯಲ್ಲಿ ಚಿತ್ರಾನ್ನದ ಡಬ್ಬಿ ಹಿಡಿದುಕೊಂಡು ಚಿತ್ರೀಕರಿಸಿದರೆ ಹೀಗೆಯೇ ಆಗುತ್ತದೆ. ನೀವು ನೋಡುತ್ತಿರುವುದು ಪುಣೆಯಲ್ಲಿ ನಡೆಯುತ್ತಿರುವ ಹದಿಮೂರು ವರ್ಷದೊಳಗಿನ ಬಾಲಕಿಯರ ರಾಷ್ಟ್ರೀಯ ಚೆಸ್ ಪಂದ್ಯಾವಳಿಯ ನಾಲ್ಕನೆಯ ಸುತ್ತು. ಎರಡನೆಯ ಸಾಲಿನಲ್ಲಿ ಪೆನ್ನಿನ ಮುಚ್ಚಳ ಕಚ್ಚುತ್ತ ಕುಳಿತವಳು ನನ್ನ ಮಗಳು. ಸುತ್ತಿನ ಮೊದಲ ಹತ್ತು ನಿಮಿಷ ಮಾತ್ರ ಪೋಷಕರು ಒಳಗೆ ನಿಂತು ಚಿತ್ರ ತೆಗೆಯಬಹುದು. ಆಮೇಲೆ ತೀರ್ಪುಗಾರರು ಕೈ ಬೀಸುತ್ತ ಬರುತ್ತಾರೆ. ನೋಡಿ, ಬಂದೇ ಬಿಟ್ಟರು.

ಇನ್ನು ಕಾಣುವುದೆಲ್ಲ ಮುಚ್ಚಿದ ಬಾಗಿಲು ಮತ್ತು ಅದನ್ನೇ ನೋಡುತ್ತಿರುವ ತಾಯಂದಿರು. ಒಬ್ಬೊಬ್ಬರಿಗೂ 90 ನಿಮಿಷ, ಪ್ರತಿ ನಡೆಗೆ ಮತ್ತೆ 30 ಸೆಕೆಂಡು ಸೇರುತ್ತ ಹೋಗುವುದರಿಂದ, ಒಂದು ಆಟ ನಾಲ್ಕು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಪಂದ್ಯಾವಳಿ ಸ್ವಿಸ್ ಪದ್ಧತಿಯದು. ಸೋತವರು ಮನೆಗೆ ಹೋಗುವುದಿಲ್ಲ, ತಮ್ಮಷ್ಟೇ ಅಂಕ ಗಳಿಸಿದವರ ಎದುರು ಮತ್ತೆ ಕೂರುತ್ತಾರೆ. ಹೀಗಾಗಿ ಹನ್ನೊಂದು ಸುತ್ತು ಮುಗಿಯುವವರೆಗೆ ನಮಗೂ ಬಿಡುಗಡೆಯಿಲ್ಲ.

ಬಾಲಕಿಯರಿಗೆ ಪ್ರತ್ಯೇಕ ಪಂದ್ಯಾವಳಿ ಏಕೆ ಎಂದು ಕಳೆದ ವರ್ಷ ಇದೇ ಚಾನೆಲ್‌ನಲ್ಲಿ ಖಾರವಾಗಿ ಕೇಳಿದ್ದೆ. ಮುಂಬೈಯ ರೋಹಿಣಿ ಖಾಡಿಲ್ಕರ್ 1976ರಲ್ಲಿ, ಹದಿಮೂರನೆಯ ವಯಸ್ಸಿಗೇ, ಪುರುಷರ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಆಡಿದ್ದರು ಎಂಬುದು ನನ್ನ ವಾದಕ್ಕೆ ಆಧಾರವಾಗಿತ್ತು. ಅವರ ಅಕ್ಕ ವಾಸಂತಿ 1974ರಲ್ಲಿ ನಮ್ಮ ಬೆಂಗಳೂರಿನಲ್ಲಿ ನಡೆದ ಮೊದಲ ರಾಷ್ಟ್ರೀಯ ಮಹಿಳಾ ಚಾಂಪಿಯನ್‌ಷಿಪ್ ಗೆದ್ದವರು ಎಂಬುದನ್ನು ಮಾತ್ರ ಆಗ ಅನುಕೂಲಕ್ಕೆ ತಕ್ಕಂತೆ ಮರೆತಿದ್ದೆ. ಕಾಲೊನಿಯ ಚೆಸ್ ತರಗತಿಯಲ್ಲಿ ಹದಿನಾಲ್ಕು ಹುಡುಗರ ನಡುವೆ ಒಬ್ಬಳೇ ಕೂರುವ ನನ್ನ ಮಗಳು, ಇಲ್ಲಿ ಸಭಾಂಗಣದ ತುಂಬ ಜಡೆಗಳನ್ನು ಕಂಡು ಮೊದಲ ದಿನವೇ ಮೂವರ ಜೊತೆ ಗೆಳೆತನ ಮಾಡಿಕೊಂಡದ್ದನ್ನು ನೋಡಿದ ಮೇಲೆ ಆ ವಾದವನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಇಲ್ಲಿನ ತಾಯಂದಿರ ಬಾಯಲ್ಲಿ ಇರುವುದು ಒಂದೇ ಹೆಸರು: ನಾಗಪುರದ ದಿವ್ಯಾ ದೇಶಮುಖ್. 2025ರಲ್ಲಿ, 19ನೆಯ ವಯಸ್ಸಿನಲ್ಲಿ, ಮಹಿಳೆಯರ ವಿಶ್ವಕಪ್ ಫೈನಲ್‌ನಲ್ಲಿ ಕೊನೇರು ಹಂಪಿಯವರನ್ನು ಸೋಲಿಸಿ, ಆ ಗೆಲುವಿನಿಂದಲೇ ಗ್ರ್ಯಾಂಡ್‌ಮಾಸ್ಟರ್ ಆದವರು.

ಬಾಗಿಲು ತೆರೆಯಿತು. ಮುಖ ನೋಡಿ, ಊದಿಕೊಂಡಿದೆ.

ತೆರೆಯ ಮೇಲಿರುವುದು ಅವಳು ನಡೆಗಳನ್ನು ಬರೆದುಕೊಂಡ ಹಾಳೆ. ಒಂಬತ್ತನೆಯ ಸಾಲನ್ನು ಗಮನಿಸಿ: 0-0 ಎಂದು ಬರೆದದ್ದನ್ನು ಕಾಗದ ಹರಿಯುವಷ್ಟು ಗೀಚಿ, ಪಕ್ಕದಲ್ಲಿ ಆನೆ ರಾಜನ ಪಕ್ಕದ ಎಫ್1 ಮನೆಗೆ ಹೋದ ನಡೆಯನ್ನು ಬರೆದಿದ್ದಾಳೆ. 0-0 ಎಂದರೆ ಕ್ಯಾಸ್ಲಿಂಗ್, ರಾಜನನ್ನು ಆನೆಯ ಕಡೆಗೆ ಎರಡು ಮನೆ ಸರಿಸಿ ಆನೆಯನ್ನು ಅವನ ಆಚೆ ಬದಿಗೆ ತಂದು ನಿಲ್ಲಿಸುವ ನಡೆ. ನಮ್ಮ ಮನೆಯ ಮಾತಿನಲ್ಲಿ ಕೋಟೆ ಕಟ್ಟುವುದು. ಇವಳು ಮೊದಲು ಆನೆಯನ್ನು ಎತ್ತಿ ರಾಜನ ಪಕ್ಕಕ್ಕೆ ತಂದು, ಆಮೇಲೆ ರಾಜನನ್ನು ಅದರಾಚೆ ಇಟ್ಟು, ಗಡಿಯಾರ ಒತ್ತಿ, ನಡೆಯನ್ನು ಬರೆದೂ ಬಿಟ್ಟಿದ್ದಾಳೆ. ಎದುರಿನ ಹುಡುಗಿ ತನ್ನ ಯಾವ ಕಾಯಿಯನ್ನೂ ಮುಟ್ಟದೆ ಗಡಿಯಾರ ನಿಲ್ಲಿಸಿ ಕೈ ಎತ್ತಿದಳಂತೆ. ಕ್ಯಾಸ್ಲಿಂಗ್ ರಾಜನ ನಡೆ. ಒಂದೇ ಕೈಯಿಂದ, ರಾಜನನ್ನೇ ಮೊದಲು ಮುಟ್ಟಬೇಕು. ಆನೆಯನ್ನು ಮೊದಲು ಮುಟ್ಟಿದರೆ ಆನೆಯನ್ನೇ ನಡೆಸಬೇಕು, ಅದು ಕದಲಿದ ಮೇಲೆ ಆ ಬದಿಯ ಕೋಟೆ ಆಟ ಮುಗಿಯುವವರೆಗೂ ಇಲ್ಲ. “ಆಧೀ ಹತ್ತೀಲಾ ಹಾತ್ ಲಾವಲಾಸ್ ಕಾ?” ಎಂದು, ಅಂದರೆ ಮೊದಲು ಆನೆಯನ್ನು ಮುಟ್ಟಿದೆಯಾ ಎಂದು, ತೀರ್ಪುಗಾರರು ಕೇಳಿದ್ದಾರೆ. ಹುಬ್ಬಳ್ಳಿಯಿಂದ ಇಲ್ಲಿಗೆ ಬಂದ ಹೊಸದರಲ್ಲಿ ಆ ಮರಾಠಿ ‘ಹತ್ತೀ’ ನನಗೆ ಬತ್ತಿ ಹೊಸೆಯುವ ಹತ್ತಿಯಾಗಿಯೇ ಕೇಳಿಸುತ್ತಿತ್ತು. ಇಲ್ಲೇ ಹುಟ್ಟಿ ಬೆಳೆದ ಮಗಳಿಗೆ ಚೆನ್ನಾಗಿಯೇ ಅರ್ಥವಾಗಿದೆ, ಹೌದು ಎಂದು ತಲೆಯಾಡಿಸಿದ್ದಾಳೆ.

ಇಷ್ಟು ಸಣ್ಣ ವಿಷಯಕ್ಕೆ ತೀರ್ಪುಗಾರರನ್ನು ಕರೆಯುವುದು ಸಣ್ಣತನವೆಂದು ಆ ಹುಡುಗಿಯ ತಾಯಿಗೆ ಕೇಳಿಸುವಂತೆಯೇ ಹೇಳಿದೆ. ಆಗ ಮಗಳು ಡಬ್ಬಿಯ ಮುಚ್ಚಳ ತೆಗೆಯುತ್ತ, “ಆನಿ ಮೊದಲು ಎತ್ತಬೇಕಂತ ನೀನೇ ಕಲಿಸಿದ್ದಲ್ಲ ಅವ್ವಾ” ಎಂದಳು. ನಿಜ. ಅವಳಿಗೆ ಐದು ವರ್ಷವಿದ್ದಾಗ, ನನ್ನ ಅಪ್ಪ ನನಗೆ ಕಲಿಸಿದ ರೀತಿಯಲ್ಲೇ, ಮೊದಲು ಗೋಡೆ ಆಮೇಲೆ ಅರಸ ಎಂದು ಕಲಿಸಿದವಳು ನಾನೇ. ಅವಳ ಗುರುಗಳು ಎಷ್ಟೋ ಸಲ ತಿದ್ದಿದ್ದಾರೆ. ಮೊಬೈಲ್‌ನಲ್ಲಿ ಆಡುವಾಗ ರಾಜನನ್ನು ಎರಡು ಮನೆ ಸರಿಸಿದರೆ ಆನೆ ತಾನಾಗಿಯೇ ಬಂದು ನಿಲ್ಲುವುದರಿಂದ ತಪ್ಪು ಅಡಗಿಕೊಂಡಿತ್ತು, ಗಾಬರಿಯಾದಾಗ ಮಾತ್ರ ಕೈ ನನ್ನ ಪಾಠಕ್ಕೆ ಮರಳಿದೆ. ಎದುರಿನ ಹುಡುಗಿ ಮಾಡಿದ್ದು ಸರಿ. ಅವಳ ತಾಯಿಗೆ ಎರಡು ಚಮಚ ಚಿತ್ರಾನ್ನ ಕೊಟ್ಟು ಬಂದೆ, ಅದನ್ನು ಚಿತ್ರೀಕರಿಸಿಲ್ಲ.

ಅದೇ ಹಾಳೆಯ ಹದಿನಾಲ್ಕನೆಯ ಸಾಲಿಗೆ ಬನ್ನಿ. 0-0-0. ಇನ್ನೊಂದು ಬದಿಯ ಆನೆ ಕದಲಿರಲಿಲ್ಲವಾದ್ದರಿಂದ ಆ ಕಡೆ ಕೋಟೆ ಕಟ್ಟಿದ್ದಾಳೆ, ರಾಜನನ್ನು ಎರಡು ಬೆರಳಿನಲ್ಲಿ ಹಿಡಿದು, ಎದುರಿನವಳಿಗೆ ಒಮ್ಮೆ ತೋರಿಸಿ. ಒತ್ತಾಯಕ್ಕೆ ಎಫ್1ಕ್ಕೆ ಹೋದ ಆನೆಯೇ ಆಮೇಲೆ ತನ್ನ ಮುಂದಿನ ಕಾಲಾಳಿಗೆ ಬೆನ್ನೆಲುಬಾಗಿ ನಿಂತು ದಾಳಿ ನಡೆಸಿತಂತೆ. ಅರವತ್ತೊಂದನೆಯ ನಡೆಗೆ ಡ್ರಾ, ಅರ್ಧ ಅಂಕ. ಐದನೆಯ ಸುತ್ತಿನ ಜೋಡಿಗಳ ಪಟ್ಟಿ ಅಂಟಿಸಿದರು, ಇವಳು ಓಡಿದಳು. ಡಬ್ಬಿಯ ಮುಚ್ಚಳ ನನ್ನ ಕೈಯಲ್ಲೇ ಉಳಿದಿದೆ, ಇರಿ, ಕ್ಯಾಮೆರಾ ನಿಲ್ಲಿಸುತ್ತೇನೆ.